ಮೈಸೂರಿನ ಚರಿತ್ರೆ ಬರೆದವನು, ನೆಪೋಲಿಯನ್ನನ ದ್ವೀಪವನ್ನು ಆಳಿದವನು

ಬೆಂಗಳೂರಿನಲ್ಲಿ ಕಬ್ಬನ್ ಎಂಬ ಹೆಸರನ್ನು ಕೇಳದವರಿಲ್ಲ. ನಮ್ಮ ಅನ್ನಪೂರ್ಣೇಶ್ವರಿ ನಗರದಿಂದ ಬಸ್ಸಿನಲ್ಲಿ ವಿಜಯನಗರಕ್ಕೆ ಹೋಗಿ ಅಲ್ಲಿ ಮೆಟ್ರೋ ರೈಲು ಹತ್ತಿದರೆ, ಮೆಜೆಸ್ಟಿಕ್ ದಾಟಿ, ವಿಧಾನಸೌಧ ದಾಟಿ, ಕಬ್ಬನ್ ಪಾರ್ಕ್ ನಿಲ್ದಾಣವೆಂದು ಧ್ವನಿವರ್ಧಕವೇ ಕೂಗಿ ಹೇಳುತ್ತದೆ. ಉದ್ಯಾನಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ಅಧಿಕೃತ ನಾಮಧೇಯ ಬಂದು ಎಷ್ಟೋ ಕಾಲವಾಯಿತು. ಉಚ್ಚ ನ್ಯಾಯಾಲಯದ ಮುಂದಿದ್ದ ಸರ್ ಮಾರ್ಕ್ ಕಬ್ಬನ್ನನ ಕುದುರೆ ಸವಾರಿಯ ಪ್ರತಿಮೆಯನ್ನು 2020ರಲ್ಲಿ ಉದ್ಯಾನದ ಒಳಕ್ಕೆ ಸಾಗಿಸಿದ್ದೂ ಆಯಿತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ ಕಬ್ಬನ್ ಪಾರ್ಕೇ. ಆದರೆ ಈ ಕಬ್ಬನ್ನನಿಗೆ ಒಬ್ಬ ಸೋದರಮಾವನಿದ್ದನೆಂಬುದೂ, ಅಳಿಯನಿಗೆ ಭಾರತದ ದಾರಿ ಸುಗಮವಾದದ್ದು ಆ ಮಾವನಿಂದಲೇ ಎಂಬುದೂ, ಮೈಸೂರಿನ ಇತಿಹಾಸದಲ್ಲಿ ಅಳಿಯನಿಗಿಂತ ಮಾವನ ಪ್ರಭಾವವೇ ಹೆಚ್ಚು ದೀರ್ಘಕಾಲ ಉಳಿಯಿತೆಂಬುದೂ ಬಹುಮಂದಿಗೆ ತಿಳಿದಂತಿಲ್ಲ. ಆತನ ಹೆಸರು ಮಾರ್ಕ್ ವಿಲ್ಕ್ಸ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು. ಮೈಸೂರು ಸಂಸ್ಥಾನದ ಮೊದಲ ವಿಸ್ತಾರವಾದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದವನು. ಬಳಿಕ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿ, ಸೋತು ಸೆರೆಯಾಳಾಗಿ ಬಂದ ನೆಪೋಲಿಯನ್ ಚಕ್ರವರ್ತಿಯನ್ನು ಬರಮಾಡಿಕೊಂಡವನು.

ಒಬ್ಬನೇ ಮನುಷ್ಯನ ಬದುಕಿನಲ್ಲಿ ಶ್ರೀರಂಗಪಟ್ಟಣವೂ ನೆಪೋಲಿಯನ್ನನೂ ಸಂಧಿಸಿದ್ದು ಕುತೂಹಲದ ಸಂಗತಿಯಷ್ಟೇ ಅಲ್ಲ ಎಂದು ನನ್ನ ಭಾವನೆ. ಟಿಪ್ಪು ಸುಲ್ತಾನನ ವಿಷಯವಾಗಿ ನಮ್ಮಲ್ಲಿ ಪ್ರತಿ ವರ್ಷ ನಡೆಯುವ ಜಗಳದ ಬೇರುಗಳಲ್ಲೊಂದು ಈ ವಿಲ್ಕ್ಸನ ಗ್ರಂಥದಲ್ಲಿದೆ. ಆದ್ದರಿಂದ ಆತ ಯಾರು, ಏನು ನೋಡಿದ, ಏನನ್ನು ನೋಡಲಿಲ್ಲ ಎಂಬುದನ್ನು ತಿಳಿದಿಡುವುದು ಒಳ್ಳೆಯದು.

ವಿಲ್ಕ್ಸ್ ಹುಟ್ಟಿದ್ದು ಸುಮಾರು 1760ರಲ್ಲಿ, ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿರುವ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ. ತಂದೆ ಪಾದ್ರಿ. ಆ ದ್ವೀಪಕ್ಕೆ ತನ್ನದೇ ಆದ ಮ್ಯಾಂಕ್ಸ್ ಎಂಬ ಭಾಷೆಯಿತ್ತು. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ವೃದ್ಧ 1974ರಲ್ಲಿ ತೀರಿಕೊಂಡ. ದ್ವೀಪಕ್ಕೆ ತನ್ನದೇ ಆದ ಶಾಸನಸಭೆಯೂ ಇತ್ತು, ಇಂದಿಗೂ ಇದೆ. ಹುಡುಗನನ್ನೂ ಪಾದ್ರಿಯನ್ನಾಗಿಸಬೇಕೆಂಬುದು ಮನೆಯವರ ಇಚ್ಛೆಯಾಗಿತ್ತೆಂದು ಹೇಳುತ್ತಾರೆ. ಆತ ಹಿಡಿದದ್ದು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ದಾರಿಯನ್ನು. 1780ರ ದಶಕದ ಆರಂಭದಲ್ಲಿ, ಹೈದರಾಲಿಯ ಹೆಸರು ಕೇಳಿದರೆ ಮದರಾಸು ನಡುಗುತ್ತಿದ್ದ ಕಾಲದಲ್ಲಿ, ಆತ ಭಾರತಕ್ಕೆ ಬಂದ. ಖಡ್ಗಕ್ಕಿಂತ ಲೇಖನಿಯಲ್ಲೇ ಹೆಚ್ಚು ನುರಿತ ಅಧಿಕಾರಿ; ಕಾರ್ಯದರ್ಶಿಯ ಕೆಲಸ, ಪತ್ರವ್ಯವಹಾರ, ಪಾರಸಿ ವ್ಯಾಸಂಗ ಇವುಗಳಲ್ಲಿ ಮೇಲೆ ಬಂದ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕರ್ನಲ್ ಜೇಮ್ಸ್ ಸ್ಟುವರ್ಟನ ಬಳಿ ಸೇವೆ ಸಲ್ಲಿಸಿದ. 1795ರಲ್ಲಿ ಅನಾರೋಗ್ಯದ ನಿಮಿತ್ತ ರಜೆ ಪಡೆದು ಸ್ವದೇಶಕ್ಕೆ ಹೋದವನು ಕೆಲವು ವರ್ಷ ಅಲ್ಲೇ ಉಳಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು. ಟಿಪ್ಪುವಿನ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ಅದೇ ಕೈಗಳು ಒಡೆಯರ ಹಣಕಾಸನ್ನೂ ವಹಿಸಿಕೊಂಡವು. ಇವರೆಲ್ಲರ ಮೇಲೆ ಕಂಪನಿಯ ಕಣ್ಣಾಗಿ ರೆಸಿಡೆಂಟ್ ಎಂಬ ಅಧಿಕಾರಿ. ಮೊದಲು ಬ್ಯಾರಿ ಕ್ಲೋಸ್, ಬಳಿಕ ಜೋಸಯ್ಯ ವೆಬ್, ಆಮೇಲೆ ಜಾನ್ ಮಾಲ್ಕಮ್. ಮಾಲ್ಕಮನಾದರೋ ಬಹುಪಾಲು ಬೇರೆ ಬೇರೆ ರಾಜಕಾರ್ಯಗಳ ಮೇಲೆ ಸಂಚಾರದಲ್ಲೇ ಇರುತ್ತಿದ್ದ. ಹೀಗಾಗಿ 1803ರಿಂದ 1808ರವರೆಗೆ ರೆಸಿಡೆನ್ಸಿಯ ಕೆಲಸ ನಡೆಸಿದವನು ವಿಲ್ಕ್ಸನೇ. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮುಗಿದದ್ದು ಈ ಅವಧಿಯಲ್ಲಿ, 1804ರಲ್ಲಿ. ಪೂರ್ಣಯ್ಯನವರಿಗೆ ಯಳಂದೂರು ಜಹಗೀರು ಬಂದದ್ದೂ ಈ ಅವಧಿಯಲ್ಲೇ, 1807ರಲ್ಲಿ. ಸಂಸ್ಥಾನದ ಆಡಳಿತ, ಆದಾಯ, ವೆಚ್ಚಗಳನ್ನು ಕುರಿತು ವಿಲ್ಕ್ಸ್ ಸಿದ್ಧಪಡಿಸಿದ ವರದಿ 1805ರಲ್ಲಿ ಮುದ್ರಣವಾಯಿತು. ಅದರಲ್ಲಿ ಪೂರ್ಣಯ್ಯನವರ ಕಾರ್ಯದಕ್ಷತೆಗೆ ತುಂಬು ಮೆಚ್ಚುಗೆ ಇದೆ. ಮೆಚ್ಚದೆ ಏನು? ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿ ಕಂಪನಿಗೆ ತಪ್ಪದೆ ಸಲ್ಲುತ್ತಿತ್ತು. ಆದರೆ ವರದಿಯನ್ನು ಕೇವಲ ಲೆಕ್ಕದ ಪುಸ್ತಕವೆಂದು ತಳ್ಳಿಹಾಕುವಂತಿಲ್ಲ. ಟಿಪ್ಪುವಿನ ನಂತರದ ಮೈಸೂರಿನ ಮೊದಲ ವರ್ಷಗಳನ್ನು ತಿಳಿಯಬೇಕೆಂಬವರು ಇಂದಿಗೂ ಅದನ್ನು ತೆರೆಯಲೇಬೇಕು.

ಆದರೆ ಆತನ ಹೆಸರನ್ನು ಉಳಿಸಿದ್ದು ಇನ್ನೊಂದು ಕೆಲಸ. ರೆಸಿಡೆನ್ಸಿಯಲ್ಲಿದ್ದಾಗಲೇ ಆತ ಮೈಸೂರಿನ ಇತಿಹಾಸಕ್ಕಾಗಿ ಸಾಮಗ್ರಿ ಕೂಡಿಸತೊಡಗಿದ. ಕರ್ನಲ್ ಕಾಲಿನ್ ಮೆಕೆಂಜಿ ಆಗ ಸಂಸ್ಥಾನವನ್ನು ಸರ್ವೆ ಮಾಡುತ್ತ, ತನ್ನ ಪಂಡಿತರ ಮೂಲಕ ಊರೂರಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸುತ್ತಿದ್ದ. ವಿಲ್ಕ್ಸನಿಗೆ ಅದರ ಪ್ರಯೋಜನ ದೊರೆಯಿತು. ಅರಮನೆಯ ಹಿರಿಯರು, ಹೈದರನ ಕಾಲವನ್ನು ಕಂಡಿದ್ದ ವೃದ್ಧ ಅಧಿಕಾರಿಗಳು, ಕನ್ನಡದ ಹಸ್ತಪ್ರತಿಗಳು, ಪಾರಸಿಯ ಬಖೈರುಗಳು, ಇವೆಲ್ಲ ಆತನ ಆಕರಗಳು. ಟಿಪ್ಪುವಿನ ಆಜ್ಞೆಯಂತೆ ಕನ್ನಡದಿಂದ ಪಾರಸಿಗೆ ಮಾಡಿಸಿದ್ದ ಮೈಸೂರು ಅರಸರ ವಂಶಾವಳಿಯೂ ಅವುಗಳಲ್ಲೊಂದು. ಮೊದಲ ಸಂಪುಟ 1810ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಎರಡು ಮತ್ತು ಮೂರನೆಯ ಸಂಪುಟಗಳು 1817ರಲ್ಲಿ ಬಂದವು. ಹೆಸರಿಗೆ ದಕ್ಷಿಣ ಭಾರತದ ಐತಿಹಾಸಿಕ ರೇಖಾಚಿತ್ರಗಳು. ವಸ್ತು ಮಾತ್ರ ಒಡೆಯರ ಮೂಲದಿಂದ 1799ರವರೆಗಿನ ಮೈಸೂರು.

ಕನ್ನಡ ಓದುಗರು ಆ ಗ್ರಂಥದಲ್ಲಿ ಅಗತ್ಯವಾಗಿ ನೋಡಬೇಕಾದ ಒಂದು ವಿವರಣೆಯಿದೆ. ಅದು ಕಡತದ ವರ್ಣನೆ. ಇಂದು ಕಡತವೆಂದರೆ ಸರ್ಕಾರಿ ಕಚೇರಿಯ ಮೇಜಿನ ಮೇಲೆ ಧೂಳು ಹಿಡಿದು ಕುಳಿತ ಫೈಲು; ನಾನು ಪಿಂಚಣಿಗಾಗಿ ಅಲೆದಾಡಿದ ದಿನಗಳಲ್ಲಿ ಆ ಶಬ್ದದ ಪೂರ್ಣಾರ್ಥ ನನಗೆ ಮನವರಿಕೆಯಾಗಿದೆ! ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯನ್ನು ಎರಡೂ ಬದಿ ಬಳಿದು ಒಣಗಿಸಿ, ಕತ್ತರಿಸದೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಮೇಲೂ ಕೆಳಗೂ ಹಲಗೆಯ ರಕ್ಷೆ ಕೊಡುತ್ತಿದ್ದರು. ಕಪ್ಪು ಹಾಳೆಯ ಮೇಲೆ ಬಳಪದಿಂದ ಬಿಳಿಯ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಜೋಪಾನವಾಗಿಟ್ಟರೆ ತಲೆಮಾರುಗಳ ಕಾಲ ಬಾಳುತ್ತದೆ. ಶಾನುಭೋಗರೂ ವರ್ತಕರೂ ಮಠಗಳೂ ಲೆಕ್ಕಪತ್ರಗಳನ್ನು ಇದರಲ್ಲೇ ಇಡುತ್ತಿದ್ದರು. ವಿಲ್ಕ್ಸ್ ಇದನ್ನು ಕೈಯಲ್ಲಿ ಹಿಡಿದು ನೋಡಿ, ತಯಾರಿಕೆಯನ್ನು ವಿಚಾರಿಸಿ, ಪುರಾತನ ಗ್ರೀಕರೂ ರೋಮನರೂ ಹೇಳಿದ ಬಟ್ಟೆಯ ಬರೆಹಗಳಿಗೆ ಹೋಲಿಸಿ ಟಿಪ್ಪಣಿ ಬರೆದಿದ್ದಾನೆ. ಪರದೇಶದ ಅಧಿಕಾರಿಯೊಬ್ಬನು ಶಾನುಭೋಗನ ಕಡತವನ್ನು ಇಷ್ಟು ಗೌರವದಿಂದ ನೋಡಿದ್ದು ಸಾಮಾನ್ಯ ಸಂಗತಿಯಲ್ಲ.

ಭೂಮಿಯ ಒಡೆತನವನ್ನು ಕುರಿತ ಒಂದು ಇಡೀ ಅಧ್ಯಾಯವೂ ಹಾಗೆಯೇ. ಭಾರತದಲ್ಲಿ ನೆಲವೆಲ್ಲ ರಾಜನದು, ರೈತನು ಬರಿಯ ಗೇಣಿದಾರ ಎಂಬುದು ಆ ಕಾಲದ ಕಂಪನಿಯ ವಲಯಗಳಲ್ಲಿ ಬಲವಾಗಿದ್ದ ಅಭಿಪ್ರಾಯ. ಕಂದಾಯ ಏರಿಸುವವರಿಗೆ ಅದು ಅನುಕೂಲವೂ ಹೌದು. ವಿಲ್ಕ್ಸ್ ಇದನ್ನು ಒಪ್ಪಲಿಲ್ಲ. ಧರ್ಮಶಾಸ್ತ್ರಗಳ ಆಧಾರವನ್ನೂ, ಕನ್ನಡ ಜಿಲ್ಲೆಯೇ ಮೊದಲಾದ ಕಡೆಗಳ ರೂಢಿಯನ್ನೂ ಮುಂದಿಟ್ಟು, ಉಳುವವನಿಗೆ ನೆಲದ ಮೇಲೆ ನಿಜವಾದ ಸ್ವತ್ತು ಇತ್ತೆಂದು ವಾದಿಸಿದ. ತನ್ನ ಯಜಮಾನರಿಗೆ ಹಿತವಾಗದ ಮಾತನ್ನು ಮುದ್ರಿಸಲು ಆತ ಹೆದರಲಿಲ್ಲ ಎಂಬುದನ್ನು ನೆನಪಿಡಬೇಕು. ಏಕೆಂದರೆ ಮುಂದೆ ಹೇಳುವುದು ಬೇರೊಂದು ಬಗೆಯ ಮಾತು.

ನಾನು ಎಂಟನೆಯ ತರಗತಿಗೆ ಸಮಾಜ ಪಾಠ ಮಾಡುತ್ತಿದ್ದಾಗ, ಮೈಸೂರು ಯುದ್ಧಗಳ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಇದನ್ನೆಲ್ಲ ಯಾರು ನೋಡಿ ಬರೆದದ್ದು?” ಎಂದು ಕೇಳಿದ್ದ. ತರಗತಿ ನಕ್ಕಿತು. ನಾನು ನಗಲಿಲ್ಲ, ಮೂವತ್ತು ವರ್ಷಗಳ ವೃತ್ತಿಯಲ್ಲಿ ಇತಿಹಾಸದ ಬಗ್ಗೆ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಅದೂ ಒಂದು. ಆ ದಿನ ಹಲಗೆಯ ಮೇಲೆ ವಿಲ್ಕ್ಸನ ಹೆಸರನ್ನು ಬರೆದು, ಸೋತವರ ಕಾಗದಗಳು ಗೆದ್ದವರ ಪೆಟ್ಟಿಗೆಯಲ್ಲಿ ಹೇಗೆ ಸೇರುತ್ತವೆ ಎಂದು ಮಕ್ಕಳಿಗೆ ವಿವರಿಸಿದೆ. ಲೂಯಿ ರೈಸ್ 1877ರಲ್ಲಿ ಹೊರತಂದ ಮೈಸೂರು ಗೆಜೆಟಿಯರು ವಿಲ್ಕ್ಸನನ್ನು ಧಾರಾಳವಾಗಿ ಬಳಸಿಕೊಂಡಿತು. ಗೆಜೆಟಿಯರಿನಿಂದ ಶಾಲಾ ಪುಸ್ತಕಗಳಿಗೆ ದಾರಿ ದೂರವಿರಲಿಲ್ಲ. ಹೈದರ್ ರಾಜ್ಯ ಕಟ್ಟಲೆಂದು ಹುಟ್ಟಿದವನು, ಮಗ ಅದನ್ನು ಕಳೆಯಲೆಂದು ಹುಟ್ಟಿದವನು ಎಂಬರ್ಥದ ಮಾತನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಅದಕ್ಕೆ ಚಲಾವಣೆ ಕೊಟ್ಟವನು ವಿಲ್ಕ್ಸ್.

ಆತನ ಟಿಪ್ಪು ಕ್ರೂರಿ, ಮತಾಂಧ, ದುಡುಕಿನವನು. ಈ ಚಿತ್ರವೆಲ್ಲ ಕಟ್ಟುಕಥೆ ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಡೆದ ಸಂಗತಿ. ಕೊಡಗಿನ ಜನರ ನೆನಪೂ ಸುಳ್ಳಲ್ಲ. ಆದರೆ ವಿಲ್ಕ್ಸನ ಚಿತ್ರದಲ್ಲಿ ಒಂದು ಬದಿಗೆ ಮಾತ್ರ ದೀಪವಿದೆ. ಮೈಸೂರು ಅರಮನೆಯ ಹಳೆಯ ಗ್ರಂಥರಾಶಿಯನ್ನು ಕುದುರೆ ಲಾಯದಲ್ಲಿ ಹುರುಳಿ ಬೇಯಿಸುವ ಒಲೆಗೆ ಹಾಕುವಂತೆ ಟಿಪ್ಪು ಆಜ್ಞಾಪಿಸಿದನೆಂದು ಆತ ಬರೆಯುತ್ತಾನೆ. ಅದೇ ಟಿಪ್ಪುವಿನ ಸ್ವಂತ ಗ್ರಂಥಭಂಡಾರದಲ್ಲಿ ಸುಮಾರು 2,000 ಹಸ್ತಪ್ರತಿಗಳಿದ್ದವು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ ಅವುಗಳ ವಿವರಣಾತ್ಮಕ ಪಟ್ಟಿಯನ್ನು 1809ರಲ್ಲಿಯೇ ಪ್ರಕಟಿಸಿದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ಮನುಷ್ಯ ಹೆಚ್ಚು ಸಂಕೀರ್ಣನಾಗಿ ಕಾಣುತ್ತಾನೆ.

ಇನ್ನೂ ದೊಡ್ಡ ಉದಾಹರಣೆ ಶೃಂಗೇರಿಯದು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯದ ಪಿಂಡಾರಿಗಳು ಶೃಂಗೇರಿಯನ್ನು ಸೂರೆಗೈದು ಶಾರದಾ ಮೂರ್ತಿಯನ್ನೂ ಕದಲಿಸಿದರು. ಆಗ ಟಿಪ್ಪು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು, ಪುನಃಪ್ರತಿಷ್ಠೆಗೆ ಕೊಡಿಸಿದ ಧನಧಾನ್ಯಗಳ ವಿವರ, ಎಲ್ಲವೂ ಮಠದಲ್ಲಿ ಭದ್ರವಾಗಿದ್ದವು. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಅಂದರೆ ವಿಲ್ಕ್ಸನ ಮೊದಲ ಸಂಪುಟ ಹೊರಬಂದ ನೂರ ಆರು ವರ್ಷಗಳ ಮೇಲೆ! ಪತ್ರಗಳ ಹಿಂದೆ ರಾಜಕೀಯ ಲೆಕ್ಕಾಚಾರವಿತ್ತೇ ಎಂದು ಚರ್ಚಿಸಬಹುದು, ಇದ್ದಿರಬಹುದು. ಆದರೆ ಶಾನುಭೋಗನ ಕಡತವನ್ನು ಅಷ್ಟು ಆಸ್ಥೆಯಿಂದ ವರ್ಣಿಸಿದ ವಿದ್ವಾಂಸನ ಗ್ರಂಥಕ್ಕೆ, ಕಡತಗಳಿಗೇ ಹೆಸರಾದ ಶೃಂಗೇರಿ ಮಠದ ಈ ದಾಖಲೆಗಳು ಬರಲಿಲ್ಲ ಎಂಬುದು ನನ್ನನ್ನು ಹಲವು ಬಾರಿ ಯೋಚನೆಗೆ ಹಚ್ಚಿದೆ. ಯಾರ ಮನೆಯ ಪೆಟ್ಟಿಗೆಯನ್ನು ತೆರೆಯಬೇಕೆಂದು ತೋಚುವುದೂ ಚರಿತ್ರೆಕಾರನ ಪಕ್ಷವನ್ನು ಅವಲಂಬಿಸಿದೆ.

ಈಗ ದ್ವೀಪಕ್ಕೆ ಹೋಗೋಣ. ವಿಲ್ಕ್ಸ್ 1808ರಲ್ಲಿ ಭಾರತವನ್ನು ಬಿಟ್ಟ. ಐದು ವರ್ಷಗಳ ಬಳಿಕ, 1813ರಲ್ಲಿ, ಕಂಪನಿ ಆತನನ್ನು ಸೇಂಟ್ ಹೆಲೆನಾದ ಗವರ್ನರನನ್ನಾಗಿ ನೇಮಿಸಿತು. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಸುಮಾರು 1,900 ಕಿಲೋಮೀಟರು ದೂರದಲ್ಲಿ, ನಾಲ್ಕೂ ಕಡೆ ಕಡಲು, ಕಡಿದಾದ ಜ್ವಾಲಾಮುಖಿ ಬಂಡೆ. ವಿಸ್ತೀರ್ಣ ಸುಮಾರು 122 ಚದರ ಕಿಲೋಮೀಟರು, ನಮ್ಮ ಒಂದು ಹೋಬಳಿಯಷ್ಟು. ಪೋರ್ಚುಗೀಸರು 1502ರಲ್ಲಿ ಕಂಡರು. 1659ರಿಂದ ಈಸ್ಟ್ ಇಂಡಿಯಾ ಕಂಪನಿಯದು. ಸೂಯೆಜ್ ಕಾಲುವೆ ಇನ್ನೂ ಇಲ್ಲದ ಆ ದಿನಗಳಲ್ಲಿ ಭಾರತದಿಂದ ಹಿಂತಿರುಗುವ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಬಂದು, ಸಿಹಿನೀರಿಗೂ ಹಸಿ ತರಕಾರಿಗೂ ಇಲ್ಲಿ ತಂಗುತ್ತಿದ್ದವು. ಕಂಪನಿಗೆ ಅದೊಂದು ಅರವಟ್ಟಿಗೆ. ಜೇಮ್ಸ್‌ಟೌನ್ ಎಂಬ ಒಂದೇ ಊರು, ಕೋಟೆ, ಕಾವಲು ಪಡೆ, ಕೆಲವು ತೋಟಗಾರ ಕುಟುಂಬಗಳು, ಅವರ ತೋಟಗಳಲ್ಲಿ ದುಡಿಯುವ ಗುಲಾಮರು, ಕಂಪನಿ ಕರೆತಂದ ಚೀನೀ ಕೂಲಿಗಳು. ಗವರ್ನರನ ವಾಸ ಗುಡ್ಡದ ಮೇಲಿನ ಪ್ಲಾಂಟೇಶನ್ ಹೌಸಿನಲ್ಲಿ.

ವಿಲ್ಕ್ಸನಿಗೆ ಮೊದಲು ಅಲ್ಲಿ ಗವರ್ನರನಾಗಿದ್ದವನು ಅಲೆಕ್ಸಾಂಡರ್ ಬೀಟ್ಸನ್. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೈನ್ಯದ ಸರ್ವೇಯರ್ ಜನರಲ್ ಆಗಿದ್ದು, ಮರುವರ್ಷವೇ ಟಿಪ್ಪುವಿನೊಡನೆ ನಡೆದ ಯುದ್ಧವನ್ನು ಕುರಿತು ಗ್ರಂಥ ಬರೆದವನು ಇವನೇ. ಕಾವೇರಿಯ ದ್ವೀಪ ಬಿದ್ದ ಕಥೆಯನ್ನು ಬರೆದ ಇಬ್ಬರು ಸೈನಿಕರು ಒಬ್ಬರ ಹಿಂದೊಬ್ಬರಂತೆ ಅಟ್ಲಾಂಟಿಕಿನ ದ್ವೀಪವನ್ನು ಆಳಿದರು! ಬೀಟ್ಸನ್ನನ ಕಾಲದಲ್ಲಿ ಆಡುಗಳ ಹಾವಳಿಯಿಂದ ಕಾಡು ನಾಶವಾದ ಸಂಗತಿ, ಮರ ನೆಡಿಸಿದ್ದು, 1811ರ ಸೈನಿಕರ ದಂಗೆ, ಇವೆಲ್ಲ ಬೇರೊಂದು ಲೇಖನಕ್ಕೆ ವಸ್ತು. ವಿಲ್ಕ್ಸನ ಮೊದಲ ಎರಡು ವರ್ಷಗಳು ಶಾಂತವಾಗಿ ಕಳೆದವು. ಆತನ ಮೊದಲ ಪತ್ನಿ ತೀರಿಕೊಂಡು, 1813ರಲ್ಲಿ ಮ್ಯಾನ್ ದ್ವೀಪದ ಟೌಬ್ಮನ್ ಮನೆತನದ ಹೆಣ್ಣನ್ನು ಮದುವೆಯಾಗಿದ್ದ. ಮೊದಲ ಪತ್ನಿಯ ಮಗಳು ಲಾರಾ ಜೊತೆಗಿದ್ದಳು.

1815ರ ಅಕ್ಟೋಬರಿನಲ್ಲಿ ಹಡಗೊಂದು ಸುದ್ದಿ ತಂದಿತು: ವಾಟರ್ಲೂ ಯುದ್ಧದಲ್ಲಿ ಸೋತ ನೆಪೋಲಿಯನ್ ಬೋನಪಾರ್ಟನನ್ನು ಈ ದ್ವೀಪಕ್ಕೇ ಸೆರೆಯಾಳಾಗಿ ತರುತ್ತಿದ್ದಾರೆ. ದ್ವೀಪದವರಿಗೆ ಸಿದ್ಧತೆಗೆ ದೊರೆತದ್ದು ಕೆಲವೇ ದಿನ. ಅಕ್ಟೋಬರ್ 15ರಂದು ನಾರ್ತಂಬರ್ಲೆಂಡ್ ಎಂಬ ಯುದ್ಧನೌಕೆ ಲಂಗರು ಹಾಕಿತು. 17ರಂದು ಕತ್ತಲಾದ ಮೇಲೆ, ಕುತೂಹಲದಿಂದ ನೆರೆದ ಜನರ ನಡುವೆ, ಯುರೋಪನ್ನು ನಡುಗಿಸಿದವನು ಜೇಮ್ಸ್‌ಟೌನಿನಲ್ಲಿ ಇಳಿದ. ಲಾಂಗ್‌ವುಡ್ ಮನೆ ದುರಸ್ತಿಯಾಗುವವರೆಗೆ ಬ್ರಯರ್ಸ್ ಎಂಬ ತೋಟದಲ್ಲಿ ಬಾಲ್ಕಂಬ್ ಕುಟುಂಬದವರೊಡನೆ ಇದ್ದು, ಡಿಸೆಂಬರ್ 10ರಂದು ಲಾಂಗ್‌ವುಡ್ಡಿಗೆ ಹೋದ. ಸೆರೆಯಾಳಿನ ಹೊಣೆ ಅಡ್ಮಿರಲ್ ಕಾಕ್‌ಬರ್ನನದು. ದ್ವೀಪದ ಆಡಳಿತ ವಿಲ್ಕ್ಸನದು. ಯಾವ ಮನೆಯನ್ನಾದರೂ ಸೆರೆಯಾಳಿಗೆ ಕೊಡಬಹುದು, ಗವರ್ನರನ ಪ್ಲಾಂಟೇಶನ್ ಹೌಸ್ ಒಂದನ್ನು ಬಿಟ್ಟು, ಎಂದು ಮೊದಲೇ ಅಪ್ಪಣೆಯಾಗಿತ್ತು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಟಿಪ್ಪುವಿನ ಅಂತ್ಯಕ್ಕೆ ನೆಪವಾದದ್ದೂ ಇನ್ನೊಬ್ಬ ದ್ವೀಪದ ಗವರ್ನರನೇ. ಫ್ರೆಂಚರ ಕೈಯಲ್ಲಿದ್ದ ಮಾರಿಷಸ್ಸಿನ ಗವರ್ನರ್ ಮಲಾರ್ಟಿಕ್, ಟಿಪ್ಪು ರಹಸ್ಯವಾಗಿ ಕಳಿಸಿದ್ದ ರಾಯಭಾರಿಗಳ ಕೋರಿಕೆಯನ್ನು 1798ರ ಜನವರಿ 30ರಂದು ಬಹಿರಂಗ ಘೋಷಣೆಯಾಗಿ ಹೊರಡಿಸಿ, ಸುಲ್ತಾನನ ಸೇವೆಗೆ ಸ್ವಯಂಸೇವಕರು ಬರಲೆಂದು ಕರೆಕೊಟ್ಟ. ಗುಟ್ಟು ರಟ್ಟಾಯಿತು. ಮಂಗಳೂರಿಗೆ ಬಂದಿಳಿದ ಸ್ವಯಂಸೇವಕರು ನೂರರಷ್ಟು ಮಾತ್ರ. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧ ಹೂಡಲು ಬೇಕಾದ ಕಾರಣ ಕೈಗೆ ಸಿಕ್ಕಿತು. ಅದೇ ಹೊತ್ತಿಗೆ ಈಜಿಪ್ಟಿಗೆ ದಂಡೆತ್ತಿ ಬಂದಿದ್ದ ನೆಪೋಲಿಯನ್, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುವಿಗೆ ಒಂದು ಪತ್ರ ಬರೆದ. ಇಂಗ್ಲಿಷರ ನೊಗದಿಂದ ತಮ್ಮನ್ನು ಬಿಡಿಸಬೇಕೆಂಬ ಆಸೆಯಿಂದ ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ವಿಶ್ವಾಸದ ಮನುಷ್ಯನೊಬ್ಬನನ್ನು ಸೂಯೆಜಿಗೋ ಕೈರೋಗೋ ಕಳಿಸಿ ಎಂಬುದು ಅದರ ತಾತ್ಪರ್ಯ. ಪತ್ರ ಜೆದ್ದಾದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಶ್ರೀರಂಗಪಟ್ಟಣಕ್ಕೆ ಅದು ತಲುಪಲೇ ಇಲ್ಲ.

ಆ ಪತ್ರ ಬರೆದವನೂ, ಪತ್ರ ತಲುಪಬೇಕಾಗಿದ್ದವನ ಚರಿತ್ರೆಯನ್ನು ಬರೆಯುತ್ತಿದ್ದವನೂ 1816ರಲ್ಲಿ ಲಾಂಗ್‌ವುಡ್ಡಿನ ಕೋಣೆಯಲ್ಲಿ ಎದುರುಬದುರು ಕುಳಿತರು. ನೆಪೋಲಿಯನ್ನನ ಜೊತೆ ದ್ವೀಪಕ್ಕೆ ಬಂದು ದಿನಚರಿ ಬರೆದಿಟ್ಟ ಲಾ ಕಾಸ್ ಎಂಬಾತ ಈ ಭೇಟಿಗಳನ್ನು ದಾಖಲಿಸಿದ್ದಾನೆ. ಸೈನ್ಯ, ರಸಾಯನಶಾಸ್ತ್ರ, ರಾಜಕೀಯ ಎಂದು ಮಾತು ಸುತ್ತಿಬಂದು ಭಾರತದ ಮೇಲೆ ನಿಂತಿತಂತೆ. ಕೇಳುವವನಿಗೆ ಭಾರತ ಕೈಗೆಟುಕದೆ ಹೋದ ಕನಸು. ಹೇಳುವವನಿಗೆ ಯೌವನವೆಲ್ಲ ಸವೆಸಿದ ನೆಲ. ವಿಲ್ಕ್ಸನೂ ತನ್ನ ಪಾಲಿನ ಟಿಪ್ಪಣಿಗಳನ್ನು ಬರೆದಿಟ್ಟ. ಅವು ಬಹುಕಾಲ ಕಾಗದಗಳ ನಡುವೆ ಉಳಿದಿದ್ದು, 1901ರಲ್ಲಿ ಜೂಲಿಯನ್ ಕಾರ್ಬೆಟ್ ಎಂಬ ಇತಿಹಾಸಕಾರನ ಪೀಠಿಕೆಯೊಡನೆ ಎರಡು ಸಂಭಾಷಣೆಗಳೆಂದು ಅಚ್ಚಾದವು. ಆತನ ಸೌಜನ್ಯ, ವಿದ್ವತ್ತು ಎರಡೂ ನೆಪೋಲಿಯನ್ನನಿಗೆ ಹಿಡಿಸಿದವು. ಬೀಳ್ಕೊಡುಗೆಗೆಂದು ವಿಲ್ಕ್ಸ್ ಮಗಳೊಡನೆ ಬಂದಾಗ, ಲಾರಾಳ ರೂಪದ ಬಗ್ಗೆ ಕೇಳಿದ್ದಕ್ಕಿಂತ ನೋಡಿದ್ದೇ ಹೆಚ್ಚೆಂಬರ್ಥದ ಮಾತಾಡಿದನಂತೆ ಮಾಜಿ ಚಕ್ರವರ್ತಿ.

ಮೈಸೂರಿನ ನಂಟು ಅಷ್ಟಕ್ಕೇ ಮುಗಿಯಲಿಲ್ಲ. 1816ರಲ್ಲಿ ದ್ವೀಪದ ನೌಕಾಪಡೆಯ ಮುಖ್ಯಸ್ಥನಾಗಿ ಬಂದ ಪಲ್ಟ್‌ನಿ ಮಾಲ್ಕಮ್, ನಮ್ಮ ರೆಸಿಡೆಂಟ್ ಜಾನ್ ಮಾಲ್ಕಮನ ಸಹೋದರ. ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್, 1799ರಲ್ಲಿ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. 1805ರಲ್ಲಿ ಭಾರತದಿಂದ ಹಿಂತಿರುಗುವಾಗ ಆತನೂ ಸೇಂಟ್ ಹೆಲೆನಾದಲ್ಲಿ ತಂಗಿದ್ದ. ತಾನು ಅಂದು ತಂಗಿದ್ದ ಬಾಲ್ಕಂಬನ ಮನೆಯಲ್ಲಿ ಈಗ ಬೋನಪಾರ್ಟ್ ಇದ್ದಾನೆ, ತಾನು ಪ್ಯಾರಿಸ್ಸಿನಲ್ಲಿ ಅವನ ಅರಮನೆಯಲ್ಲಿದ್ದೇನೆ ಎಂದು ಈ ಮಾಲ್ಕಮನಿಗೆ ಆತ ವಿನೋದವಾಗಿ ಬರೆದದ್ದುಂಟು. ಗೆದ್ದವನ ವಿನೋದ!

1816ರ ಏಪ್ರಿಲ್ 14ರಂದು ಹೊಸ ಗವರ್ನರ್ ಸರ್ ಹಡ್ಸನ್ ಲೋ ಬಂದಿಳಿದ. ದ್ವೀಪದ ಮೇಲಿನ ಅಧಿಕಾರವನ್ನು ಬ್ರಿಟಿಷ್ ಸರ್ಕಾರ ಕಂಪನಿಯ ಕೈಯಿಂದ ತನ್ನ ಕೈಗೆ ತೆಗೆದುಕೊಂಡಿತ್ತು. ಲೋ ಮತ್ತು ನೆಪೋಲಿಯನ್ ಭೇಟಿಯಾದದ್ದು ಆರೇಳು ಬಾರಿ ಮೀರದು. ಬಹುಪಾಲು ಜಗಳವೇ. ಸಂಬೋಧನೆಯಿಂದ ಹಿಡಿದು ಊಟದ ವೆಚ್ಚದವರೆಗೆ ಎಲ್ಲವೂ ವಿವಾದ. ಹಳೆಯ ಗವರ್ನರನನ್ನೇ ಇರಗೊಡಬಾರದಾಗಿತ್ತೇ ಎಂದು ನೆಪೋಲಿಯನ್ ಹಲುಬಿದನೆಂದು ಹೇಳುವುದುಂಟು. ಆದರೆ ವಿಲ್ಕ್ಸನನ್ನು ಹೊಗಳಿ ಲೋನನ್ನು ತೆಗಳುವುದು ಪೂರ್ತಿ ನ್ಯಾಯವಲ್ಲ. ವಿಲ್ಕ್ಸ್ ಅತಿಥೇಯ, ಲೋ ಕಾವಲುಗಾರ. ಬೀಗದಕೈ ತನ್ನ ಸೊಂಟದಲ್ಲಿಲ್ಲದಾಗ ಸೌಜನ್ಯ ಸುಲಭ.

ಆದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ನೆಪೋಲಿಯನ್ ವಿಲ್ಕ್ಸನ ದೇಶಕ್ಕೆ ಟಿಪ್ಪುವಿಗಿಂತ ನೂರು ಪಟ್ಟು ದೊಡ್ಡ ಶತ್ರು. ಆತ ಹರಿಸಿದ ರಕ್ತವೂ ಹಾಗೆಯೇ. ಅಂಥವನ ಎದುರು ಕುಳಿತು ವಿಲ್ಕ್ಸ್ ಆ ಮಾತುಗಳನ್ನು ಕೇಳಿದ, ಉತ್ತರ ಕೊಟ್ಟ, ಬರೆದಿಟ್ಟ. ಸ್ವದೇಶಕ್ಕೆ ಮರಳಿ ಮರುವರ್ಷ, 1817ರಲ್ಲಿ, ಟಿಪ್ಪುವಿನ ಆಳ್ವಿಕೆಯನ್ನೂ ಅಂತ್ಯವನ್ನೂ ಹೇಳುವ ಸಂಪುಟಗಳನ್ನು ಪ್ರಕಟಿಸಿದ. ಅಲ್ಲಿ ಸುಲ್ತಾನನಿಗೆ ಆ ಸೌಲಭ್ಯವಿಲ್ಲ. ಸತ್ತವನು ಕುರ್ಚಿಯಲ್ಲಿ ಕುಳಿತು ಮಾತನಾಡಲಾರ ನಿಜ. ಆದರೆ ಅವನ ಪರವಾಗಿ ಮಾತನಾಡಬಲ್ಲ ಕಾಗದಗಳು ಇದ್ದವು. ಒಬ್ಬ ಶತ್ರು ಯುರೋಪಿನವನು, ಇನ್ನೊಬ್ಬ ನಮ್ಮ ಕಡೆಯವನು ಎಂಬ ಒಂದೇ ಕಾರಣವನ್ನು ಹೇಳಿ ನಾನು ಮುಗಿಸಿಬಿಡಲಾರೆ. ಮೈಸೂರಿನ ಹೊಸ ವ್ಯವಸ್ಥೆಯೆಲ್ಲ ಟಿಪ್ಪು ಅನ್ಯಾಯದ ದೊರೆಯಾಗಿದ್ದನೆಂಬ ನಂಬಿಕೆಯ ಮೇಲೆ ನಿಂತಿತ್ತು, ಮತ್ತು ಆ ವ್ಯವಸ್ಥೆಯ ಕಾವಲಿಗೆ ಐದು ವರ್ಷ ಇದ್ದವನು ವಿಲ್ಕ್ಸ್. ನೆಪೋಲಿಯನ್ನನನ್ನು ದೂಷಿಸಿ ಆತ ಸಮರ್ಥಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲ.

ಮೊಹಿಬ್ಬುಲ್ ಹಸನ್ 1951ರಲ್ಲಿ ತಮ್ಮ ಟಿಪ್ಪು ಚರಿತ್ರೆಯಲ್ಲಿ ವಿಲ್ಕ್ಸನನ್ನು ಬಲವಾಗಿ ಪ್ರಶ್ನಿಸಿದರು. ಅದಕ್ಕೂ ಮೊದಲೇ ಹಯವದನ ರಾಯರು 1943ರಿಂದ 1946ರವರೆಗೆ ಮೂರು ಸಂಪುಟಗಳಲ್ಲಿ ಮೈಸೂರಿನ ಇತಿಹಾಸವನ್ನು ಹೊಸದಾಗಿ ಬರೆದು, ಕನ್ನಡದ ಆಕರಗಳನ್ನು ವಿಪುಲವಾಗಿ ಬಳಸಿದ್ದರು. ಆದರೂ ವಿಲ್ಕ್ಸ್ ಹೋಗಲಿಲ್ಲ. 1930ರಲ್ಲಿ ಮೈಸೂರು ಸರ್ಕಾರಿ ಮುದ್ರಣಾಲಯವೇ, ಮರ್ರೆ ಹ್ಯಾಮಿಕ್ ಎಂಬಾತನ ಟಿಪ್ಪಣಿಗಳೊಡನೆ, ಆತನ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಮರುಮುದ್ರಿಸಿತ್ತು. ಇತಿಹಾಸದ ವಿದ್ಯಾರ್ಥಿಗಳಿಗೆ ನನ್ನ ವಿನಂತಿ: ಆತನನ್ನು ಓದಿ, ಪಕ್ಕದಲ್ಲಿ ಶೃಂಗೇರಿಯ ಪತ್ರಗಳನ್ನೂ ಇಟ್ಟುಕೊಂಡು ಓದಿ.

ನಿವೃತ್ತ ಜೀವನದಲ್ಲಿ ವಿಲ್ಕ್ಸ್ ಮ್ಯಾನ್ ದ್ವೀಪದ ಶಾಸನಸಭೆಯಾದ ಹೌಸ್ ಆಫ್ ಕೀಸಿಗೆ 1820ರ ದಶಕದಲ್ಲಿ ಸಭಾಧ್ಯಕ್ಷನೂ ಆದ. ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ನಸೀರುದ್ದೀನ್ ತೂಸಿಯ ಪಾರಸಿ ನೀತಿಗ್ರಂಥವೊಂದನ್ನು ಕುರಿತು ಪ್ರಬಂಧ ಮಂಡಿಸಿದ. ಮಗಳು ಲಾರಾ 1817ರಲ್ಲಿ ಜನರಲ್ ಸರ್ ಜಾನ್ ಬುಕನ್ ಎಂಬುವನನ್ನು ಮದುವೆಯಾಗಿದ್ದಳು; ಸ್ಕಾಟ್ಲೆಂಡಿನ ಕೆಲ್ಲೋ ಎಂಬಲ್ಲಿ ಅಳಿಯನ ಮನೆಯಲ್ಲಿ 1831ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. ಮರುತಿಂಗಳೇ, ಅಕ್ಟೋಬರಿನಲ್ಲಿ, ನಗರ ಸೀಮೆಯ ರೈತರ ದಂಗೆಯನ್ನು ಮುಂದುಮಾಡಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ. ಯಾವ ಬಾಲರಾಜನ ಆಸ್ಥಾನದಲ್ಲಿ ವಿಲ್ಕ್ಸ್ ರೆಸಿಡೆಂಟನಾಗಿದ್ದನೋ ಅದೇ ದೊರೆಗೆ ಈ ಗತಿ. 1834ರಲ್ಲಿ ಮೈಸೂರಿನ ಕಮಿಷನರಾಗಿ ಬಂದವನು ವಿಲ್ಕ್ಸನ ಸೋದರಳಿಯ ಮಾರ್ಕ್ ಕಬ್ಬನ್. ಆತ ಬೆಂಗಳೂರಿನಲ್ಲಿ ಕುಳಿತು 1861ರವರೆಗೆ ಸಂಸ್ಥಾನವನ್ನು ಆಳಿದ. ಹುಟ್ಟೂರಿಗೆ ಹೊರಟ ಮುದುಕ ದಾರಿಯಲ್ಲಿ, ನೆಪೋಲಿಯನ್ ಟಿಪ್ಪುವಿನ ದೂತನಿಗಾಗಿ ಕಾಯುತ್ತೇನೆಂದು ಬರೆದಿದ್ದ ಅದೇ ಸೂಯೆಜಿನಲ್ಲಿ, 1861ರ ಏಪ್ರಿಲಿನಲ್ಲಿ ಪ್ರಾಣ ಬಿಟ್ಟ. ದೇಹವನ್ನು ಮ್ಯಾನ್ ದ್ವೀಪಕ್ಕೆ ಒಯ್ದು, ಆತನ ತಂದೆ ಪಾದ್ರಿಯಾಗಿದ್ದ ಮಾಗೋಲ್ಡ್ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದರು.